ಹಲಗೆ ಹಾಕಿದ ದಿನಾಂಕ ಕೇಳಿದೆವು

ಉಡುಪಿ ಜಿಲ್ಲೆಯ ಶಾಸಕರೊಬ್ಬರ ಆಪ್ತ ಸಹಾಯಕನಾಗಿ ಕೆಲವು ವರ್ಷ ವಿಧಾನಸಭೆಯ ಪ್ರಶ್ನೆಗಳನ್ನು ಬರೆದುಕೊಟ್ಟಿದ್ದೇನೆ. ಸಹಿ ಅವರದು, ಬರವಣಿಗೆ ನನ್ನದು. ಕಿಂಡಿಗಳಿಗೆ ಹಲಗೆ ಹಾಕಿ ಹೊಳೆಯ ಸಿಹಿನೀರು ನಿಲ್ಲಿಸುವ, ಕಡಲಿನ ಉಪ್ಪುನೀರು ತಡೆಯುವ ಅಣೆಕಟ್ಟುಗಳ ಬಗ್ಗೆ ಬರೆದ ಮೊದಲ ಪ್ರಶ್ನೆ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ‘ಕಿಂಡಿ ಅಣೆಕಟ್ಟುಗಳು ದುಃಸ್ಥಿತಿಯಲ್ಲಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಉತ್ತರ ಎರಡೇ ಸಾಲು: ‘ಬಂದಿದೆ. ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು.’ ಅದನ್ನು ಊರಿನ ಹಿರಿಯ ಕೃಷಿಕರೊಬ್ಬರಿಗೆ ಹೆಮ್ಮೆಯಿಂದ ಓದಿ ಹೇಳಿದೆ. “ಈ ಕಾಗದ ತೋರಿಸಿದರೆ ಉಪ್ಪುನೀರು ವಾಪಸು ಹೋಗುತ್ತದೆಯೇ ಮಾರಾಯರೆ?” ಎಂದರು.

ಮಳೆ ನಿಂತು ಹೊಳೆಯ ಹರಿವು ಇಳಿಯುವಾಗ ಕಿಂಡಿಗಳಿಗೆ ಹಲಗೆ ಬೀಳಬೇಕು. ತಡವಾದರೆ ಸಿಹಿನೀರು ಕಡಲು ಸೇರುತ್ತದೆ. ಭರತದ (ಕಡಲ ಉಬ್ಬರದ) ಹೊತ್ತಿಗೆ ಉಪ್ಪುನೀರು ಮೇಲೇರಿ ಸುಗ್ಗಿಯ ಗದ್ದೆಯನ್ನೂ ಬಾವಿಯನ್ನೂ ಕೆಡಿಸುತ್ತದೆ. ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಪ್ರಶ್ನೆಯ ಸೂಚನೆಯನ್ನು ಮುಂಚಿತವಾಗಿಯೇ ಕೊಡಬೇಕಾದ್ದರಿಂದ, ಮರುವರ್ಷ ದೀಪಾವಳಿ ಮುಗಿದ ಕೂಡಲೇ ಕೆಲಸಕ್ಕಿಳಿದೆ. ಮೊದಲು ಬೈಕಿನಲ್ಲಿ ಸುತ್ತಿ ಅಣೆಕಟ್ಟುಗಳನ್ನು ಕಣ್ಣಾರೆ ನೋಡಿ ಬಂದೆ, ಆಮೇಲೆ ಬರೆಯಲು ಕುಳಿತೆ. ಉತ್ತರ ಸರಿಯೋ ತಪ್ಪೋ ಎಂದು ತಿಳಿಯುವ ದಾರಿ ನಮ್ಮ ಕೈಯಲ್ಲಿಲ್ಲದಿದ್ದರೆ ಪ್ರಶ್ನೆ ಕೇಳಿ ಏನು ಪ್ರಯೋಜನ?

ಈ ಬಾರಿ ‘ಗಮನಕ್ಕೆ ಬಂದಿದೆಯೇ’ ಎಂಬುದನ್ನು ಕೈಬಿಟ್ಟೆ. ಗ್ರಾಮವಾರು ಅಣೆಕಟ್ಟುಗಳೆಷ್ಟು, ಪ್ರತಿಯೊಂದಕ್ಕೂ ಹಲಗೆ ಅಳವಡಿಸಿದ ದಿನಾಂಕ ಯಾವುದು, ಗುತ್ತಿಗೆದಾರರಿಗೆ ಪಾವತಿಸಿದ ಮೊತ್ತ ಎಷ್ಟು, ಯಾವಾಗ ಪಾವತಿಸಲಾಯಿತು. ಅಷ್ಟೇ. ಶಾಸಕರಿಗೆ ಚುಕ್ಕೆ ಗುರುತಿನ ಪ್ರಶ್ನೆಯೇ ಬೇಕಿತ್ತು. ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು, ಟಿವಿಯಲ್ಲೂ ಕಾಣಿಸುತ್ತದೆ. ನಾನು ಚುಕ್ಕೆ ಗುರುತಿಲ್ಲದ್ದಕ್ಕೆ, ಅಂದರೆ ಲಿಖಿತ ಉತ್ತರವಷ್ಟೇ ಬರುವ ಪ್ರಶ್ನೆಗೆ, ಹಟ ಹಿಡಿದೆ. ಲೋಕಸಭೆಯಲ್ಲಿಯೂ ದಿನವೊಂದರ ಪಟ್ಟಿಯಲ್ಲಿ ಚುಕ್ಕೆ ಗುರುತಿನವು 20, ಗುರುತಿಲ್ಲದವು 230. ಆ 20ರಲ್ಲೂ ಒಂದು ಗಂಟೆಯೊಳಗೆ ಚರ್ಚೆಗೆ ಬರುವುದು ಕೆಲವು ಮಾತ್ರ. ಹಲಗೆಯ ಲೆಕ್ಕ ಭಾಷಣದಲ್ಲಿ ಸಿಗುವುದಿಲ್ಲ, ಲಿಖಿತ ಉತ್ತರಕ್ಕೆ ಲಗತ್ತಿಸುವ ಅನುಬಂಧದಲ್ಲಿ ಸಿಗುತ್ತದೆ.

(ಹೆದ್ದಾರಿ 66ರ ಹೊಂಡಗಳನ್ನೂ ಸೇರಿಸಿ ಎಂದು ಹಲವರು ಹೇಳಿದರು. ಅದು ಕೇಂದ್ರದ ವಿಷಯ. ಸಂಸದರ ಬಾಗಿಲು ತಟ್ಟಿ ಎಂದೆ.)

ನಿಜವಾದ ಕೆಲಸ ಉತ್ತರ ಬರುವ ಮೊದಲೇ ಆಯಿತು. ನಮ್ಮ ಪ್ರಶ್ನೆ ವಿಧಾನಸಭೆಯ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ಜಿಲ್ಲೆಗೆ, ಕೊನೆಗೆ ತಾಲ್ಲೂಕಿನ ಎಂಜಿನಿಯರರ ಮೇಜಿಗೆ ಇಳಿದಿತ್ತು. ಅವರ ಫೋನ್ ಬಂತು. “ದಿನಾಂಕ ಯಾಕೆ ಮಾರಾಯರೆ? ಒಟ್ಟು ಸಂಖ್ಯೆ ಕೊಟ್ಟರೆ ಸಾಲದೇ?” ಸಾಲದು ಎಂದೆ. ಅದೇ ವಾರ ನಮ್ಮ ಹೊಳೆಯ ದಂಡೆಗೆ ಹಲಗೆ ತುಂಬಿದ ಟೆಂಪೋ ಬಂದು ನಿಂತಿತು.

ಅಧಿವೇಶನದಲ್ಲಿ ಬಂದ ಅನುಬಂಧದಲ್ಲಿ ಮಾತ್ರ ಬೇರೆಯೇ ಕಥೆ: ಅದೇ ಅಣೆಕಟ್ಟಿಗೆ ಹಲಗೆ ಬಿದ್ದದ್ದು ನವೆಂಬರ್ ಮೊದಲ ವಾರದಲ್ಲಂತೆ! ನನ್ನ ಮೊಬೈಲಿನಲ್ಲಿ ಆ ವಾರ ಕಳೆದ ಮೇಲೆ, ದೀಪಾವಳಿಯ ನಂತರ ತೆಗೆದ ಖಾಲಿ ಕಿಂಡಿಗಳ ಚಿತ್ರವಿತ್ತು. ಶಾಸಕರು ಕೂಗಾಡಲಿಲ್ಲ. ಚಿತ್ರವನ್ನೂ ಅನುಬಂಧದ ಪುಟವನ್ನೂ ಲಗತ್ತಿಸಿ ಸಚಿವರಿಗೆ ಪತ್ರ ಬರೆದರು. ಗುತ್ತಿಗೆದಾರರ ಬಿಲ್ಲಿನ ಪರಿಶೀಲನೆಗೆ ಆದೇಶವಾಯಿತು. ಅದು ಎಲ್ಲಿಗೆ ಬಂತು ಎಂಬುದೇ ಮುಂದಿನ ಅಧಿವೇಶನಕ್ಕೆ ನಾವು ಕಳುಹಿಸಿದ ಮೊದಲ ಪ್ರಶ್ನೆ.

ಅನುಬಂಧದ ಒಂದು ಪ್ರತಿಯನ್ನು ಊರಿನ ಹಾಲಿನ ಸೊಸೈಟಿಯ ಫಲಕಕ್ಕೂ ಅಂಟಿಸಿದ್ದೆ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ, ಆ ದಿನಾಂಕದ ಸುತ್ತ ಯಾರೋ ಕೆಂಪು ಪೆನ್ನಿನಲ್ಲಿ ಎರಡು ಸುತ್ತು ಎಳೆದಿದ್ದರು.