ಬಳಸಿದ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣದಿದ್ದಾಗ

ಹಳೆಯ ಡೆಸ್ಕ್‌ಟಾಪ್‌ಗೆ ಬದಲಾಗಿ ಕೊಂಡ ಬಳಸಿದ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಅದರ ಜೊತೆಗೆ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ, ಇನ್‌ಸ್ಟಾಲರ್‌ನ ಪಟ್ಟಿಯಲ್ಲಿ ಒಳಗಿನ ಎಸ್‌ಎಸ್‌ಡಿ (ಕಡತಗಳೆಲ್ಲ ಇರುವ ಸಂಗ್ರಹ ಡ್ರೈವ್) ಕಾಣಿಸುತ್ತಿರಲಿಲ್ಲ.

ಪೆನ್‌ಡ್ರೈವ್ ಬದಲಿಸಿದ್ದು, ಲಿನಕ್ಸ್ ಇನ್‌ಸ್ಟಾಲರ್ ಇರುವ ಐಎಸ್‌ಒ ಕಡತವನ್ನು ಮತ್ತೆ ಇಳಿಸಿಕೊಂಡದ್ದು, ಸೆಕ್ಯೂರ್ ಬೂಟ್ ಮತ್ತು ಫಾಸ್ಟ್ ಸ್ಟಾರ್ಟಪ್‌ಗಳನ್ನು ನಿಲ್ಲಿಸಿದ್ದು, ಯಾವುದೂ ಫಲ ಕೊಡಲಿಲ್ಲ. ಕಾರಣ ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿತ್ತು: ಡ್ರೈವ್‌ನೊಡನೆ ಯಂತ್ರ ವ್ಯವಹರಿಸುವ ವಿಧಾನವನ್ನು ನಿರ್ಧರಿಸುವ ಸಾಟಾ ಆಪರೇಶನ್ ಎಂಬಲ್ಲಿ ಎಎಚ್‌ಸಿಐ ವಿಧಾನದ ಬದಲು ರೇಡ್ ವಿಧಾನ ಆಯ್ಕೆಯಾಗಿತ್ತು. ಅದನ್ನು ನೇರವಾಗಿ ಬದಲಿಸಿದಾಗ ವಿಂಡೋಸ್ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ತೋರಿಸಿ ನಿಂತಿತು. ಮರಳಿ ರೇಡ್‌ಗೆ ತಂದಾಗ ಮೊದಲಿನಂತೆ ತೆರೆದುಕೊಂಡಿತು.

ಪರಿಹಾರವಿದ್ದುದು ಕ್ರಮದಲ್ಲಿ. ಡ್ರೈವ್ ಅನ್ನು ಗೂಢಲಿಪೀಕರಿಸುವ ವಿಂಡೋಸ್‌ನ ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ ಮೊದಲು ಅದನ್ನು ತಾತ್ಕಾಲಿಕವಾಗಿ ತಡೆಹಿಡಿದು, ರಿಕವರಿ ಕೀಯನ್ನು ಬೇರೆಡೆ ಬರೆದಿಟ್ಟುಕೊಳ್ಳಬೇಕು. ಮುಂದೆ ಬಳಸುವ ಸೇಫ್ ಮೋಡ್‌ನಲ್ಲಿ (ಅಗತ್ಯ ಭಾಗಗಳಷ್ಟೇ ಓಡುವ ವಿಂಡೋಸ್ ಸ್ಥಿತಿ) ಪಿನ್ ಕೆಲಸ ಮಾಡದಿರಬಹುದಾದ್ದರಿಂದ ಖಾತೆಯ ಪಾಸ್‌ವರ್ಡ್ ತಿಳಿದಿರುವುದು ಅತ್ಯಗತ್ಯ. ಅನಂತರ ವಿಂಡೋಸ್‌ನೊಳಗೇ ಸಿಸ್ಟಮ್ ಕಾನ್ಫಿಗರೇಶನ್ ತೆರೆದು, ಬೂಟ್ ಟ್ಯಾಬ್‌ನಲ್ಲಿ ‘ಸೇಫ್ ಬೂಟ್’ ಹಾಗೂ ‘ಮಿನಿಮಲ್’ ಆಯ್ದು ರೀಸ್ಟಾರ್ಟ್ ಮಾಡಬೇಕು. ವಿಂಡೋಸ್ ಏಳುವ ಮೊದಲೇ ಬಯೋಸ್ ಪ್ರವೇಶಿಸಿ (ಈ ಯಂತ್ರದಲ್ಲಿ ಎಫ್2 ಕೀ, ತಯಾರಕರಿಗೆ ತಕ್ಕಂತೆ ಇದು ಬೇರೆಯಾಗಬಹುದು) ರೇಡ್ ಬದಲು ಎಎಚ್‌ಸಿಐ ಆಯ್ದು ಉಳಿಸಬೇಕು. ಆಗ ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆದುಕೊಂಡು, ಹೊಸ ವ್ಯವಸ್ಥೆಗೆ ಬೇಕಾದ ಡ್ರೈವರ್ ಅನ್ನು ತಾನೇ ಸಜ್ಜುಗೊಳಿಸಿಕೊಳ್ಳುತ್ತದೆ. ಅಲ್ಲಿ ಮತ್ತೆ ಸಿಸ್ಟಮ್ ಕಾನ್ಫಿಗರೇಶನ್ ತೆರೆದು ‘ಸೇಫ್ ಬೂಟ್’ ಗುರುತನ್ನು ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಎಂದಿನಂತೆ ನಡೆಯುತ್ತದೆ.

ಇದಾದ ಮೇಲೆ ಅದೇ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಇನ್‌ಸ್ಟಾಲರ್ ಎಸ್‌ಎಸ್‌ಡಿಯನ್ನು ಅದರ ಎಲ್ಲ ವಿಭಾಗಗಳೊಂದಿಗೆ ತೋರಿಸಿತು. ಬಿಟ್‌ಲಾಕರ್ ಅನ್ನು ಪುನಃ ಚಾಲನೆಗೊಳಿಸುವುದು ಬಾಕಿ ಉಳಿಯುವ ಕೆಲಸ.