ಆಲ್ಡಿಯೋ ರೆವೆಯೋ: ಮ್ಯೂನಿಕ್‌ನಲ್ಲಿ ನಮ್ಮ ಮನೆಯ ದಿನಸಿ ಲೆಕ್ಕ

ಮ್ಯೂನಿಕ್‌ಗೆ ಹೊಸದಾಗಿ ಬಂದ ನಮ್ಮವರು ಬಾಡಿಗೆ ಮನೆ, ಬ್ಯಾಂಕ್ ಖಾತೆಯ ಗೋಳೆಲ್ಲ ತೋಡಿಕೊಂಡ ಮೇಲೆ ಕೇಳುವ ಪ್ರಶ್ನೆ ಇದು: “ಅಕ್ಕಾ, ದಿನಸಿ ಎಲ್ಲಿ ತರ್ತೀರಾ? ಆಲ್ಡಿ ತುಂಬಾ ಅಗ್ಗ ಅಂತಾರಲ್ಲ?” ಅಗ್ಗ ಹೌದು. ಆದರೆ ಅವರು ಅಂದುಕೊಂಡಿರುವ ಕಾರಣ ಬೇರೆ, ನಾನು ಕಂಡುಕೊಂಡ ಕಾರಣ ಬೇರೆ.

ಇಲ್ಲಿ ದಿನಸಿ ಅಂಗಡಿಗಳಲ್ಲಿ ಎರಡು ಬಗೆ. ಆಲ್ಡಿ, ಲಿಡ್ಲ್, ಪೆನ್ನಿ, ನೆಟ್ಟೊ ಇವು ಡಿಸ್ಕೌಂಟರ್‌ಗಳು, ಅಂದರೆ ಕಡಿಮೆ ಬಗೆಯ ಸಾಮಾನಿಟ್ಟು ಅಗ್ಗಕ್ಕೆ ಮಾರುವ ಅಂಗಡಿಗಳು. ರೆವೆ, ಎಡೆಕಾ ಎಲ್ಲ ಸಿಗುವ ದೊಡ್ಡ ಸೂಪರ್‌ಮಾರ್ಕೆಟ್‌ಗಳು. ಒಳಗಿನ ನೆಂಟಸ್ತಿಕೆಯೇ ಬೇರೆ: ಪೆನ್ನಿ ರೆವೆಯವರದೇ, ನಮ್ಮ ಕಡೆಯ ನೆಟ್ಟೊ ಎಡೆಕಾದವರದು, ಲಿಡ್ಲ್ ಮತ್ತು ಕೌಫ್‌ಲಾಂಡ್ ಎರಡೂ ಶ್ವಾರ್ಟ್ಸ್ ಗುಂಪಿನವು. ಆಲ್ಡಿಯೊಂದು ಒಂಟಿ, ಅದೂ ಎರಡು ಹೋಳು. ಎಸ್ಸೆನ್‌ನಲ್ಲಿ ಅಮ್ಮ ನಡೆಸುತ್ತಿದ್ದ ಸಣ್ಣ ಅಂಗಡಿಯನ್ನು ಬೆಳೆಸಿದ ಕಾರ್ಲ್ ಮತ್ತು ಥಿಯೋ ಆಲ್‌ಬ್ರೆಕ್ಟ್ ಅಣ್ಣತಮ್ಮಂದಿರು 1961ರಲ್ಲಿ, ಅಂಗಡಿಯಲ್ಲಿ ಸಿಗರೇಟು ಮಾರಬೇಕೋ ಬೇಡವೋ ಎಂಬ ತಕರಾರಿನಲ್ಲಿ ಬೇರೆಯಾದರಂತೆ. ನಮ್ಮ ಕಡೆ ಜಮೀನು ಪಾಲಾಗುವ ಹಾಗೆ ಉತ್ತರ ಥಿಯೋಗೆ, ದಕ್ಷಿಣ ಕಾರ್ಲ್‌ಗೆ. ಮ್ಯೂನಿಕ್ ದಕ್ಷಿಣದ ಪಾಲಿಗೆ ಬಂತು.

ಈಗ ಬೆಲೆಯ ವಿಚಾರ. ಹಾಲು, ಬೆಣ್ಣೆ, ಮೊಸರು, ಸಕ್ಕರೆ, ಮೈದಾ, ಸೂರ್ಯಕಾಂತಿ ಎಣ್ಣೆ, ಪಾಸ್ತಾ: ಇವುಗಳ ಬೆಲೆ ಆಲ್ಡಿಯಲ್ಲೂ ರೆವೆಯಲ್ಲೂ ಸಾಮಾನ್ಯವಾಗಿ ಒಂದೇ. ಹತ್ತಿರಹತ್ತಿರ ಅಂತಲ್ಲ, ಬಹಳ ಸಲ ಸೆಂಟ್ ಕೂಡ ಆಚೀಚೆ ಇರುವುದಿಲ್ಲ. ಷರತ್ತು ಇಷ್ಟೇ, ರೆವೆಯಲ್ಲಿ ‘ಯಾ!’ ಎಂಬ ಅವರದೇ ಹೆಸರಿನ ಪ್ಯಾಕೆಟ್ ಎತ್ತಿಕೊಳ್ಳಬೇಕು. ಎಡೆಕಾದಲ್ಲಾದರೆ ‘ಗುಟ್ ಉಂಡ್ ಗ್ಯುನ್‌ಸ್ಟಿಗ್’. ಆಲ್ಡಿ ಇವತ್ತು ಹಾಲಿನ ಬೆಲೆ ಬದಲಿಸಿದರೆ ಉಳಿದವರೂ ಬೆನ್ನಿಗೇ ಬದಲಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಬೆಣ್ಣೆ ಬೆಲೆ ಏರಿದ್ದು ಇಲ್ಲಿದ್ದವರಿಗೆಲ್ಲ ನೆನಪಿರುತ್ತದೆ. 250 ಗ್ರಾಂ ಪೊಟ್ಟಣಕ್ಕೆ 2.39 ಯೂರೋ. ತುಪ್ಪ ಕಾಯಿಸುವವರ ಹೊಟ್ಟೆ ಉರಿಯುವ ಬೆಲೆ. ಆಗ ಅಗ್ಗದ ಬೆಣ್ಣೆ ಹುಡುಕಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆದವರು ಸೈಕಲ್ ತುಳಿದದ್ದಷ್ಟೇ ಬಂತು.

ಹಾಗಾದರೆ ರೆವೆಯಲ್ಲಿ ಬಿಲ್ ಹೆಚ್ಚಾಗುವುದು ಎಲ್ಲಿ? ಇದನ್ನು ತಿಳಿಯಲು ನಾನು ಒಂದೇ ಪಟ್ಟಿ ಹಿಡಿದು ಒಂದು ವಾರ ಆಲ್ಡಿಗೆ, ಮುಂದಿನ ವಾರ ರೆವೆಗೆ ಹೋಗಲು ಶುರುಮಾಡಿದೆ. ನಮ್ಮ ಯಜಮಾನರು ಎಕ್ಸೆಲ್ ಹಾಕೋಣ ಅಂದರು. ಅದೆಲ್ಲ ಬೇಡ ಅಂತ ಫ್ರಿಜ್ ಬಾಗಿಲಿಗೆ ಎರಡೂ ಬಿಲ್ ಅಕ್ಕಪಕ್ಕ ಅಂಟಿಸಿ ಪೆನ್ನು ತೆಗೆದುಕೊಂಡೆ. ಪಟ್ಟಿಯಲ್ಲಿದ್ದ ಸಾಮಾನಿಗೆ ಗುಂಡು ಸುತ್ತು, ಪಟ್ಟಿಯಲ್ಲಿಲ್ಲದ್ದಕ್ಕೆ ಅಡಿಗೆರೆ. ಸುತ್ತು ಹಾಕಿದ್ದನ್ನಷ್ಟೇ ಕೂಡಿದರೆ ಎರಡು ಬಿಲ್ಲಿಗೂ ಒಂದು ಕಾಫಿ ದುಡ್ಡಿನ ವ್ಯತ್ಯಾಸವೂ ಇರಲಿಲ್ಲ. ರೆವೆಯ ಬಿಲ್ ಉದ್ದವಾಗಿದ್ದದ್ದು ಅಡಿಗೆರೆಗಳಿಂದ: ಬಾಗಿಲ ಪಕ್ಕದ ಬೇಕರಿಯ ಬಿಸಿ ಬ್ರೆಟ್ಸೆಲ್, ಚೀಸ್ ಕೌಂಟರಿನ ತುಂಡು, ಕತ್ತರಿಸಿಟ್ಟ ಮಾವಿನ ಹಣ್ಣಿನ ಡಬ್ಬಿ, ಯಾವುದೋ ಹೊಸ ಹಮ್ಮಸ್.

ಶೆಲ್ಫ್ ಮುಂದೆ ನಿಂತು ನೋಡಿದರೆ ಅರ್ಧ ಕಥೆ ಅಲ್ಲೇ ತಿಳಿಯುತ್ತದೆ. ರೆವೆಯಲ್ಲಿ ಕಣ್ಣೆತ್ತರದಲ್ಲಿ ಇರುವುದು ಹೆಸರಾಂತ ಬ್ರ್ಯಾಂಡು. ‘ಯಾ!’ದ ಬಿಳಿ ಪ್ಯಾಕೆಟ್ ಬಹುಮಟ್ಟಿಗೆ ಕೆಳಗೆ, ಮಂಡಿಯ ಮಟ್ಟದಲ್ಲಿ, ಬಗ್ಗದವರಿಗೆ ಕಾಣುವುದಿಲ್ಲ. ಆಲ್ಡಿಯಲ್ಲಿ ಬಗ್ಗುವ, ಹುಡುಕುವ ಗೊಡವೆಯೇ ಕಡಿಮೆ, ಏಕೆಂದರೆ ಬಹಳಷ್ಟು ಸಾಮಾನಿಗೆ ಒಂದೋ ಎರಡೋ ಬಗೆಯಷ್ಟೇ ಇರುವುದು. ಆಲ್ಡಿ ಇಡುವ ಸಾಮಾನು ಸುಮಾರು 2 ಸಾವಿರ ಬಗೆ; ದೊಡ್ಡ ರೆವೆಯಲ್ಲಿ ಹತ್ತು ಸಾವಿರಕ್ಕೂ ಮೇಲೆ. ಬಗೆ ಕಡಿಮೆಯಾದರೆ ಒಂದೊಂದನ್ನೂ ಭಾರೀ ಪ್ರಮಾಣದಲ್ಲಿ ಕೊಳ್ಳಬಹುದು, ಬಂದ ರಟ್ಟಿನ ಪೆಟ್ಟಿಗೆಯ ಬಾಯಿ ಹರಿದು ಹಾಗೇ ಶೆಲ್ಫಿಗೆ ತಳ್ಳಬಹುದು, ನಾಲ್ಕೈದು ಮಂದಿ ಸೇರಿ ಇಡೀ ಅಂಗಡಿ ನಡೆಸಬಹುದು. ಅವರ ಉಳಿತಾಯ ಅಲ್ಲಿ. ನನ್ನ ಉಳಿತಾಯ, ಅಲ್ಲಿ ನನಗೆ ಆಸೆ ಹುಟ್ಟಿಸುವುದು ಕಡಿಮೆ ಎಂಬುದರಲ್ಲಿ.

ಅಲ್ಲೂ ಒಂದು ಬಲೆ ಇದೆ, ನಡುವಿನ ಸಾಲು. ಸೋಮವಾರ, ಗುರುವಾರ ಹೊಸ ಸಾಮಾನು ಬಂದು ಬೀಳುತ್ತದೆ: ಮಳೆ ಜಾಕೆಟ್ಟು, ವಾಫಲ್ ಯಂತ್ರ, ಡ್ರಿಲ್ಲು, ಮಕ್ಕಳ ಸ್ಕೀ ಪ್ಯಾಂಟು. ನಮ್ಮ ಯಜಮಾನರನ್ನು ಗುರುವಾರ ಒಬ್ಬರನ್ನೇ ಆಲ್ಡಿಗೆ ಕಳಿಸುವುದಿಲ್ಲ.

“ಅಗ್ಗದ್ದು ಅಂದರೆ ಕಳಪೆ ಇರಬೇಕಲ್ವಾ?” ಇದು ಎರಡನೇ ಪ್ರಶ್ನೆ. ಹಾಲಿನ ವಿಚಾರದಲ್ಲಿ ನಾನು ಕೊಡುವ ಉತ್ತರ, ಡಬ್ಬದ ಮೇಲಿರುವ ಪುಟ್ಟ ಮೊಟ್ಟೆಯಾಕಾರದ ಮುದ್ರೆ ನೋಡಿ ಅಂತ. ಯೂರೋಪಿನಲ್ಲಿ ಹಾಲು, ಮೊಸರು, ಬೆಣ್ಣೆ, ಚೀಸ್, ಮಾಂಸದ ಪೊಟ್ಟಣಗಳ ಮೇಲೆ ಅದು ಇರಲೇಬೇಕು. ಒಳಗೆ ಮೂರು ಸಾಲು: ಮೇಲೆ ದೇಶದ ಅಕ್ಷರ, ಜರ್ಮನಿಯಾದರೆ ‘ಡಿಇ’; ನಡುವೆ ರಾಜ್ಯದ ಅಕ್ಷರ ಮತ್ತು ಕಾರ್ಖಾನೆಯ ಸಂಖ್ಯೆ, ಮ್ಯೂನಿಕ್ ಇರುವ ಬವೇರಿಯಾ ಆದರೆ ‘ಬಿವೈ’; ಕೆಳಗೆ ಯೂರೋಪ್ ಒಕ್ಕೂಟದ ಗುರುತು, ‘ಇಜಿ’ ಅಥವಾ ‘ಇಯು’. ಬೇರೆ ಬೇರೆ ಹೆಸರು, ಬೇರೆ ಬೆಲೆಯ ಎರಡು ಡಬ್ಬಗಳ ಮೇಲೆ ನಡುವಿನ ಸಂಖ್ಯೆ ಒಂದೇ ಇದ್ದರೆ ಎರಡೂ ಪ್ಯಾಕ್ ಆಗಿದ್ದು ಒಂದೇ ಡೇರಿಯಲ್ಲಿ. ಒಳಗಿರುವುದು ಒಂದೇ ಅಂತ ಇದರಿಂದ ಹೇಳಲು ಬರುವುದಿಲ್ಲ, ಕೊಬ್ಬು ಬೇರೆ ಇರಬಹುದು, ಹೆಪ್ಪು ಬೇರೆ ಇರಬಹುದು. ಆದರೂ 3.5 ಶೇಕಡಾ ಕೊಬ್ಬಿನ ಸಾದಾ ಹಾಲಿಗೆ ಚೆಂದದ ಹಸುವಿನ ಚಿತ್ರಕ್ಕಾಗಿ ಹೆಚ್ಚು ಕೊಡಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಆಲ್ಡಿಯ ಮಿಲ್ಸಾನಿ ಮೊಸರಿಗೇ ಒಗ್ಗರಣೆ ಬೀಳುವುದು. ಹುಳಿ ಸಾಲದು ಅನ್ನಿಸಿದರೆ ಹಿಂದಿನ ರಾತ್ರಿಯೇ ಹೊರಗಿಟ್ಟರಾಯಿತು.

ಊರಿನಿಂದ ಬಂದವರ ಕಣ್ಣಿಗೆ ಇಲ್ಲಿ ಒಂದು ಕೊರತೆ ಬಡಿಯುತ್ತದೆ: ಪ್ಯಾಕೆಟ್ ಮೇಲೆ ಎಂಆರ್‌ಪಿ ಇಲ್ಲ. ಡಿಮಾರ್ಟ್‌ನಲ್ಲಿ ಎಂಆರ್‌ಪಿ ಇಷ್ಟು, ನಮ್ಮ ಬೆಲೆ ಇಷ್ಟು ಅಂತ ಎರಡು ಅಂಕಿ ನೋಡಿ ಉಳಿದ ದುಡ್ಡು ಎಣಿಸಿ ರೂಢಿ. ಇಲ್ಲಿ ಅದರ ಜಾಗದಲ್ಲಿ ಗ್ರುಂಡ್‌ಪ್ರೈಸ್ ಇದೆ. ಶೆಲ್ಫಿನ ಬೆಲೆಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ, ಕಿಲೋಗೆ ಅಥವಾ ಲೀಟರಿಗೆ ಎಷ್ಟು ಅಂತ. ಮುಂಚೆ ಸಣ್ಣ ಪ್ಯಾಕೆಟ್ಟುಗಳಿಗೆ 100 ಗ್ರಾಂ ಲೆಕ್ಕ ಹಾಕಿ ತಪ್ಪಿಸಿಕೊಳ್ಳುತ್ತಿದ್ದರು, 2022ರ ಮೇ ಕೊನೆಯಿಂದ ಎಲ್ಲಕ್ಕೂ ಕಿಲೋ, ಲೀಟರ್ ಲೆಕ್ಕವೇ ಆಗಬೇಕು. ನಾನು ದೊಡ್ಡಕ್ಷರದ ಬೆಲೆ ನೋಡುವುದನ್ನೇ ಬಿಟ್ಟಿದ್ದೇನೆ. ‘ದೊಡ್ಡ ಪ್ಯಾಕ್’ ಎಂದು ಬರೆದದ್ದು ಸಣ್ಣದಕ್ಕಿಂತ ಕಿಲೋಗೆ ದುಬಾರಿ ಇರುವುದು ಅಪರೂಪವೇನಲ್ಲ. ಜೀರಿಗೆ, ಅರಿಸಿನದ ಗಾಜಿನ ಶೀಸೆಯ ಕೆಳಗಿನ ಕಿಲೋ ಬೆಲೆ ಓದಿದರಂತೂ ಮುಂದೆಂದೂ ಸೂಪರ್‌ಮಾರ್ಕೆಟ್‌ನಲ್ಲಿ ಮಸಾಲೆ ಮುಟ್ಟುವುದಿಲ್ಲ. ಅದಕ್ಕೆ ಮುಖ್ಯ ರೈಲು ನಿಲ್ದಾಣದ ದಕ್ಷಿಣಕ್ಕಿರುವ ಗೋಯ್ಟೆ ಬೀದಿ, ಲಾಂಡ್‌ವೇರ್ ಬೀದಿಯ ಟರ್ಕಿ ಅಂಗಡಿಗಳೇ ಸರಿ. ಕೊತ್ತಂಬರಿಯೂ ಅಲ್ಲೇ. ಸೂಪರ್‌ಮಾರ್ಕೆಟ್‌ನವರು ಪ್ಲಾಸ್ಟಿಕ್ ತಟ್ಟೆಯಲ್ಲಿ ಎಣಿಸಿಟ್ಟ ಹಾಗೆ ನಾಲ್ಕು ಎಸಳು ಕೊಡುತ್ತಾರೆ, ಟರ್ಕಿಯವರು ಕಟ್ಟು ಕೊಡುತ್ತಾರೆ.

ರೆವೆ, ಎಡೆಕಾ ಗೆಲ್ಲುವ ಜಾಗಗಳೂ ಇವೆ. ಒಂದು, ಬಿಡಿ ತರಕಾರಿ. ಆಲ್ಡಿಯಲ್ಲಿ ದೊಣ್ಣೆ ಮೆಣಸಿನಕಾಯಿ ಕೆಂಪು, ಹಳದಿ, ಹಸಿರು ಮೂರೂ ಸೇರಿಸಿ ಕವರಿನಲ್ಲಿ ಬಿಗಿದಿರುತ್ತದೆ. ನನಗೆ ಚಿತ್ರಾನ್ನಕ್ಕೆ ಹಸಿರು ಒಂದು ಸಾಕು. ಇನ್ನೊಂದು, ಬ್ರ್ಯಾಂಡ್ ಸಾಮಾನಿನ ವಾರದ ಕಡಿತ. ಕಾಫಿ ಪುಡಿ, ಬಟ್ಟೆ ಸೋಪಿನ ಪುಡಿ ಇಂಥವು ಕಡಿತದ ವಾರದಲ್ಲಿ ಡಿಸ್ಕೌಂಟರ್‌ಗಿಂತ ಅಗ್ಗಕ್ಕೆ ಸಿಗುತ್ತವೆ. ಕೆಡದ ಸಾಮಾನು, ಆಗ ಎರಡು ತಿಂಗಳಿಗಾಗುವಷ್ಟು ತಂದಿಡುತ್ತೇನೆ. ರೆವೆಯವರು 2023ರ ಜುಲೈನಿಂದ ಕಾಗದದ ಜಾಹೀರಾತು ಪುಸ್ತಿಕೆ ನಿಲ್ಲಿಸಿದ್ದಾರೆ, ಈಗೆಲ್ಲ ಆ್ಯಪ್‌ನಲ್ಲೇ. ಆ್ಯಪ್‌ಗಳ ಬಗ್ಗೆ ನನ್ನ ಕಟ್ಟುನಿಟ್ಟು ಒಂದೇ: ಮೊದಲು ಪಟ್ಟಿ ಬರೆಯುವುದು, ಆಮೇಲೆ ಕೂಪನ್ ನೋಡುವುದು. ಕೂಪನ್ ನೋಡಿ ಪಟ್ಟಿ ಬರೆದರೆ ಅವರ ಪಟ್ಟಿ ನಮ್ಮ ಚೀಲಕ್ಕೆ ಬರುತ್ತದೆ.

ಉಪ್ಪಿಟ್ಟಿನ ರವೆಯ ಬಗ್ಗೆ ಒಂದು ಮಾತು, ಉಪ್ಪಿಟ್ಟಿಲ್ಲದೆ ನಮಗೆ ವಾರ ಸಾಗುವುದಿಲ್ಲವಲ್ಲ. ಇಲ್ಲಿ ‘ವೈಶ್‌ವೈಟ್ಸನ್‌ಗ್ರೀಸ್’ ಅಂತ ಇರುವುದು ಮೆತ್ತನೆ ಗೋಧಿಯದು, ಮಕ್ಕಳ ಗಂಜಿಗೆ ಬಳಸುತ್ತಾರೆ. ಉಪ್ಪಿಟ್ಟು ಮಾಡಿದರೆ ಅಂಟಂಟು. ‘ಹಾರ್ಟ್‌ವೈಟ್ಸನ್‌ಗ್ರೀಸ್’ ಪಾಸ್ತಾ ಮಾಡುವ ಗಟ್ಟಿ ಗೋಧಿಯದು, ನಮ್ಮ ಬನ್ಸಿ ರವೆಗೆ ಹತ್ತಿರ. ಚೆನ್ನಾಗಿ ಹುರಿದರೆ ಉದುರು ಉದುರಾಗಿ ಬರುತ್ತದೆ. ಆಲ್ಡಿಯಲ್ಲಿ ಇಲ್ಲದಿದ್ದರೆ ಇದಕ್ಕಾಗಿ ರೆವೆಗೆ ಹೋಗುತ್ತೇನೆ. ತುರಿದ ಒಣ ಕೊಬ್ಬರಿ ಎರಡೂ ಕಡೆ ಕೇಕ್ ಸಾಮಾನಿನ ಸಾಲಿನಲ್ಲಿರುತ್ತದೆ, ಮಸಾಲೆ ಸಾಲಿನಲ್ಲಿ ಹುಡುಕಬೇಡಿ.

ಆಲ್ಡಿಯ ಕ್ಯಾಶ್ ಕೌಂಟರ್ ಮಾತ್ರ ಹೊಸಬರಿಗೆ ಗಾಬರಿ ಹುಟ್ಟಿಸುತ್ತದೆ. ಹಾಲಿನ ಡಬ್ಬ ತಿರುಗಿಸಿ ನೋಡಿ, ಬಾರ್‌ಕೋಡ್ ಅಗಲವಾಗಿ, ಒಂದಕ್ಕಿಂತ ಹೆಚ್ಚು ಮಗ್ಗುಲಲ್ಲಿ ಅಚ್ಚಾಗಿರುತ್ತದೆ. ಕ್ಯಾಷಿಯರ್ ಅದನ್ನು ಹುಡುಕುವುದಿಲ್ಲ, ಕೂತಲ್ಲಿಂದಲೇ ಸರ್ರನೆ ಎಳೆಯುತ್ತಾರೆ. ಸುಮಾರು 2000ನೇ ಇಸವಿಯವರೆಗೆ ಇವರ ಬಳಿ ಸ್ಕ್ಯಾನರೇ ಇರಲಿಲ್ಲ. ಒಂದೊಂದು ಸಾಮಾನಿನ ಬೆಲೆಯನ್ನೋ ಸಂಖ್ಯೆಯನ್ನೋ ಬಾಯಿಪಾಠ ಮಾಡಿ ಬೆರಳಲ್ಲಿ ಒತ್ತುತ್ತಿದ್ದರು, ಅದೇ ಯಂತ್ರಕ್ಕಿಂತ ಬೇಗ ಎಂಬ ಲೆಕ್ಕದಲ್ಲಿ. ಅಲ್ಲೇ ನಿಂತು ಚೀಲ ತುಂಬಲು ಹೋಗಬೇಡಿ. ಬಂದದ್ದನ್ನೆಲ್ಲ ಗಾಡಿಗೆ ಹಾಕಿ, ದುಡ್ಡು ಕೊಟ್ಟು, ಕಿಟಕಿ ಪಕ್ಕದ ಹಲಗೆಯ ಮೇಲೆ ನಿಧಾನವಾಗಿ ತುಂಬಿಕೊಳ್ಳಿ. ಗಾಡಿಗೆ ಹಾಕಲು ಒಂದು ಯೂರೋ ನಾಣ್ಯ ಬೇಕು, ವಾಪಸ್ ಬರುತ್ತದೆ. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ, ಯಂತ್ರಕ್ಕೆ ಹಾಕಿದರೆ ಅದೂ ವಾಪಸ್.

ಈಗ ನಮ್ಮ ಮನೆಯ ಏರ್ಪಾಡು ಹೀಗಿದೆ. ಶನಿವಾರ ಬೆಳಿಗ್ಗೆ ಆಲ್ಡಿ. ಸಂಜೆ ಹೋದರೆ ಭಾನುವಾರ ಅಂಗಡಿ ಮುಚ್ಚಿರುತ್ತದೆ ಅಂತ ಇಡೀ ಊರೇ ಅಲ್ಲಿರುತ್ತದೆ, ಬವೇರಿಯಾದಲ್ಲಿ ರಾತ್ರಿ ಎಂಟಕ್ಕೆ ಬಾಗಿಲು ಬೇರೆ. ವಾರದ ನಡುವೆ ಬಿಡಿ ತರಕಾರಿ, ಕಡಿತದ ಕಾಫಿ ಪುಡಿಗೆ ರೆವೆ, ಅದೂ ಊಟ ಮಾಡಿದ ಮೇಲೆ. ತಿಂಗಳಿಗೊಮ್ಮೆ ಟರ್ಕಿ ಅಂಗಡಿ. ತೊಗರಿಬೇಳೆ, ಕರಿಬೇವು, ಸೋನಾ ಮಸೂರಿಗೆ ಇಂಡಿಯನ್ ಸ್ಟೋರು. ರಾಗಿ ಹಿಟ್ಟು ಮಾತ್ರ ಇವತ್ತಿಗೂ ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ.