ಒಮ್ಮೆ ನುಡಿದು ಒಮ್ಮೆ ಮುನಿಯುವ ಹಳೆಯ ಕೀಬೋರ್ಡ್

ಆಟಿಯ ಮಳೆಗೆ ಚೀಲದೊಳಗೆ ಮಲಗಿದ್ದ ಕೀಬೋರ್ಡನ್ನು ಚೌತಿ ಹತ್ತಿರ ಬಂದಾಗ ಹೊರತೆಗೆದರೆ ಮೊದಲ ಹಾಡಿಗೆ ಚೆನ್ನಾಗಿಯೇ ನುಡಿಯುತ್ತದೆ. ಭಜನೆ ಅರ್ಧಕ್ಕೆ ಬಂದಾಗ ಸದ್ದು ಮಾಯ. ಮೇಲೊಂದು ಪೆಟ್ಟು ಕೊಟ್ಟರೆ ಮತ್ತೆ ಪ್ರತ್ಯಕ್ಷ. ಇಷ್ಟು ನೋಡಿ ‘ಐಸಿ (ಒಳಗಿನ ಚಿಪ್) ಹೋಗಿದೆ’ ಎಂದು ತೀರ್ಪು ಕೊಡುವವರಿದ್ದಾರೆ. ಪೆಟ್ಟು ಕೊಟ್ಟರೆ ಸರಿಹೋಗುವ ರೋಗ ಬಹುಪಾಲು ಲೂಸ್ ಕಾಂಟ್ಯಾಕ್ಟು ಅಥವಾ ಡ್ರೈ ಸೋಲ್ಡರ್, ಅಂದರೆ ಬಿಟ್ಟುಕೊಂಡ ಬೆಸುಗೆ. ಕುಂಬಳೆ, ಉಪ್ಪಳ, ಮಂಜೇಶ್ವರದಂಥ ಕಡಲಬದಿಯ ಉಪ್ಪುಗಾಳಿಗೆ ಲೋಹದ ಕಾಂಟ್ಯಾಕ್ಟುಗಳು ಬೇಗ ಕಿಲುಬು ಹಿಡಿಯುತ್ತವೆ. ದೋಷವನ್ನು ನಿಮಗೆ ಬೇಕಾದಾಗ ಬರಿಸಲು ಸಾಧ್ಯವಾಗುವವರೆಗೆ ಸೋಲ್ಡರಿಂಗ್ ಐರನ್ ಮುಟ್ಟಬೇಡಿ. ಅದಕ್ಕೆ ಮೊದಲು ಮಾಡಿದ ರಿಪೇರಿಯೆಲ್ಲ ಕುರುಡು ರಿಪೇರಿ.

1. ಯಾವಾಗ ಕೈಕೊಡುತ್ತದೆ?

ಒಂದು ಚೀಟಿಯಲ್ಲಿ ಬರೆದಿಡಿ. ವಯರು ಅಲುಗಿದಾಗಲೋ, ಆನ್ ಮಾಡಿ 20 ನಿಮಿಷದ ಬಳಿಕವೋ, ವಾಲ್ಯೂಮ್ ತಿರುಗಿಸಿದಾಗಲೋ, ಕೆಲವು ಕೀಗಳಲ್ಲಿ ಮಾತ್ರವೋ? ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

2. ಹೊರಗಿನದನ್ನು ಮೊದಲು ನೋಡಿ

ಅಡಾಪ್ಟರಿನ ಪಿನ್ ಬಳಿ ವಯರನ್ನು ಬಗ್ಗಿಸಿ ನೋಡಿ. ಬದಲಿ ಅಡಾಪ್ಟರ್ ಹಾಕುವಾಗ ಎಚ್ಚರ: ಹಳೆಯ ಕ್ಯಾಸಿಯೊಗಳಲ್ಲಿ ಸಾಮಾನ್ಯವಾಗಿ 9 ವೋಲ್ಟ್, ಪಿನ್ನಿನ ನಡುವೆ ಮೈನಸ್. ಯಮಹಾಗಳಲ್ಲಿ ಹೆಚ್ಚಾಗಿ 12 ವೋಲ್ಟ್, ನಡುವೆ ಪ್ಲಸ್. ಪಿನ್ ಹೊಂದಿತೆಂದು ಅದನ್ನು ಇದಕ್ಕೆ ಚುಚ್ಚಬೇಡಿ. ಕೀಬೋರ್ಡಿನ ಮೇಲೆ ಬರೆದಿರುವುದನ್ನೇ ನಂಬಿ.

ಸ್ಪೀಕರ್ ಮಾತ್ರ ಸತ್ತು ಹೆಡ್‌ಫೋನಿನಲ್ಲಿ ಸದ್ದಿದ್ದರೆ, ಹೆಡ್‌ಫೋನ್ ಜ್ಯಾಕಿನೊಳಗಿನ ಸ್ವಿಚ್ಚನ್ನು ಸಂಶಯಿಸಿ. ಪ್ಲಗ್ ಹಾಕಿದಾಗ ಸ್ಪೀಕರನ್ನು ಕಡಿಯುವುದು ಅದರ ಕೆಲಸ. ಕಿಲುಬು ಹಿಡಿದರೆ ಪ್ಲಗ್ ಇಲ್ಲದೆಯೂ ಕಡಿಯುತ್ತದೆ. ಪ್ಲಗ್ಗನ್ನು ಇಪ್ಪತ್ತು ಸಲ ಹಾಕಿ ತೆಗೆಯಿರಿ. ಸರಿಯಾಯಿತೆಂದರೆ ರೋಗ ಗೊತ್ತಾಯಿತು, ವಾಸಿಯಾಗಿಲ್ಲ. ಜ್ಯಾಕನ್ನು ಶುಚಿ ಮಾಡಬೇಕು ಅಥವಾ ಬದಲಿಸಬೇಕು.

ಸ್ವರಗಳು ನಿಲ್ಲದೆ ಎಳೆಯುತ್ತಿದ್ದರೆ ಸಸ್ಟೇನ್ ಪೆಡಲ್ ಕಳಚಿ ನೋಡಿ. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಆನ್ ಮಾಡಿದರೆ ಅನೇಕ ಮಾದರಿಗಳಲ್ಲಿ ಅದರ ಕೆಲಸ ತಿರುಗುಮುರುಗಾಗುತ್ತದೆ.

3. ಬಿಚ್ಚುವುದು

ಅಡಾಪ್ಟರ್ ತೆಗೆದು, ಬ್ಯಾಟರಿ ಕಳಚಿ, ಸ್ಕ್ರೂಗಳನ್ನು ಅವುಗಳ ಜಾಗದ ಪ್ರಕಾರ ಮೊಟ್ಟೆ ಟ್ರೇಯಲ್ಲಿಡಿ. ಉದ್ದದ ಸ್ಕ್ರೂ ಗಿಡ್ಡದರ ತೂತಿಗೆ ಹೋದರೆ ಪ್ಲಾಸ್ಟಿಕ್ ಒಡೆಯುತ್ತದೆ. 230 ವೋಲ್ಟ್ ವಯರು ನೇರ ಒಳಗೆ ಹೋಗುವ ಮಾದರಿಯಾದರೆ ಪವರ್ ಭಾಗವನ್ನು ನುರಿತವರಿಗೇ ಬಿಡಿ. ಒಳಗಿನ ಎಸ್‌ಎಂಪಿಎಸ್ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಬಳಿಕವೂ ಸ್ವಲ್ಪ ಹೊತ್ತು ಉಳಿಯಬಹುದು.

4. ದೋಷವನ್ನು ಹಿಡಿಯುವುದು

ಹೆಚ್ಚಿನವರು ಕೆಡಿಸುವುದು ಇಲ್ಲಿ. ಅವಸರದಲ್ಲಿ ಎಲ್ಲ ಕನೆಕ್ಟರುಗಳನ್ನೂ ಕಿತ್ತು ಒತ್ತಿಬಿಡುತ್ತಾರೆ. ಸದ್ದು ಬರುತ್ತದೆ, ಯಾವುದರಿಂದ ಬಂತೆಂದು ತಿಳಿಯುವುದಿಲ್ಲ, ತಿಂಗಳೊಳಗೆ ಮತ್ತೆ ಅದೇ ಪಾಡು.

ಅಡಾಪ್ಟರಿನಲ್ಲಿ ಓಡುವ ಕೀಬೋರ್ಡನ್ನು ಬಿಚ್ಚಿಟ್ಟೇ ಆನ್ ಮಾಡಿ. ಒಂದು ಕೀಯನ್ನು ಒತ್ತಿಹಿಡಿಯಲು ಯಾರಿಗಾದರೂ ಹೇಳಿ, ಆರ್ಗನ್ ಸ್ವರ ಇರಲಿ. ಪಿಯಾನೊ ತಾನಾಗಿ ಕ್ಷೀಣಿಸುವುದರಿಂದ ದೋಷ ಮರೆಯಾಗುತ್ತದೆ. ಐಸ್‌ಕ್ಯಾಂಡಿ ಕಡ್ಡಿಯಂಥ ಮರದ ಕಡ್ಡಿಯಿಂದ ಬೋರ್ಡನ್ನು ಮೆಲ್ಲನೆ ತಟ್ಟುತ್ತ ಹೋಗಿ. ಸ್ಕ್ರೂಡ್ರೈವರ್ ಬೇಡವೇ ಬೇಡ, ಜಾರಿದರೆ ಶಾರ್ಟ್. ಒಂದು ಮೂಲೆ ತಟ್ಟಿದಾಗ ಕರಕರ ಎಂದರೆ ಅಲ್ಲಿ ನಿಂತು ಒಂದೊಂದೇ ಪಾರ್ಟನ್ನು ಅಲುಗಿಸಿ. ತಟ್ಟುವಿಕೆ ಬೋರ್ಡಿಡೀ ಹರಡುತ್ತದೆ; ಆದ್ದರಿಂದ ಪೆಟ್ಟನ್ನು ಕಡಿಮೆ ಮಾಡುತ್ತ ಹೋಗಬೇಕು. ಅತಿ ಹಗುರ ಸ್ಪರ್ಶಕ್ಕೂ ಎಲ್ಲಿ ಸದ್ದು ಕಡಿಯುತ್ತದೋ ಅದೇ ಜಾಗ.

ಬಿಸಿಯಾದ ಮೇಲೆ ಮಾತ್ರ ಬರುವ ದೋಷಕ್ಕೆ ಹೇರ್ ಡ್ರಯರ್. ಒಂದು ಗೇಣು ದೂರದಿಂದ, ಅಂಗೈಯಷ್ಟು ಜಾಗಕ್ಕೆ ಅರ್ಧ ನಿಮಿಷ. ದೋಷ ಬಂದ ಕೂಡಲೇ ಅದೇ ಜಾಗಕ್ಕೆ ತಂಪು ಗಾಳಿ ಬಿಟ್ಟು, ಹೋಗುತ್ತದೋ ನೋಡಿ. ಐಸ್ ತುಂಡು ಇಡುವ ಉಪಾಯ ಬೇಡ, ಬೋರ್ಡಿನ ಮೇಲೆ ನೀರು ಕೂರುತ್ತದೆ.

5. ಬೆಸುಗೆ

ಮೊದಲು ಭಾರ ಹೊರುವ ಜಾಗಗಳು: ಅಡಾಪ್ಟರ್ ಸಾಕೆಟ್, ಜ್ಯಾಕ್‌ಗಳು, ರೆಗ್ಯುಲೇಟರ್ (ವೋಲ್ಟನ್ನು ಏರಿಳಿಯದಂತೆ ಹಿಡಿಯುವ ಪಾರ್ಟ್), ದೊಡ್ಡ ಕೆಪಾಸಿಟರ್. ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದರೆ ಪಿನ್ನಿನ ಸುತ್ತ ಕೂದಲೆಳೆಯ ಉಂಗುರದಂಥ ಬಿರುಕು ಕಾಣುತ್ತದೆ.

ಹಳೆಯ ಬೆಸುಗೆಯ ಮೇಲೆ ಹೊಸ ಲೆಡ್ (ಬೆಸುಗೆ ತಂತಿ) ಸುರಿಯುವುದು ಕಳ್ಳಕೆಲಸ. ಬೆಸುಗೆ ಹೀರುವ ಪಂಪಿನಿಂದ ಹಳೆಯದನ್ನು ಎಳೆದು, ರೋಸಿನ್ ಫ್ಲಕ್ಸ್ ಮುಟ್ಟಿಸಿ, 0.8 ಮಿ.ಮೀ. 60/40 (60 ಪಾಲು ತವರ, 40 ಪಾಲು ಸೀಸ) ಲೆಡ್ಡಿನಿಂದ 350 ಡಿಗ್ರಿಯಲ್ಲಿ ಎರಡು ಮೂರು ಸೆಕೆಂಡು. ಬಿಂದಿಗೆ, ಪೈಪು ಬೆಸೆಯುವ ಆ್ಯಸಿಡ್ ಪೇಸ್ಟ್ ತಾಮ್ರವನ್ನು ತಿಂದುಹಾಕುತ್ತದೆ, ಹತ್ತಿರ ತರಬೇಡಿ. 2006ರ ಜುಲೈಯಲ್ಲಿ ಯುರೋಪಿನ ಸೀಸ ನಿರ್ಬಂಧ ಬಂದ ನಂತರದ ಬೋರ್ಡುಗಳಲ್ಲಿ ಸೀಸವಿಲ್ಲದ ಬೆಸುಗೆ ಸಾಮಾನ್ಯ. ಅದಕ್ಕೆ ಇನ್ನಷ್ಟು ಬಿಸಿ ಬೇಕು. ಗ್ರೌಂಡ್ ಪಿನ್ ಕರಗದಿದ್ದರೆ ಅಗಲ ತುದಿಯ ಬಿಟ್ ಹಾಕಿ, ಒತ್ತಬೇಡಿ. ಒತ್ತಿದರೆ ತಾಮ್ರದ ಪ್ಯಾಡ್ ಎದ್ದುಬರುತ್ತದೆ. ಆಗ ಟ್ರ್ಯಾಕಿನ (ಬೋರ್ಡಿನ ತಾಮ್ರದ ಗೆರೆಯ) ಮೇಲಿನ ಹಸಿರು ಲೇಪ ಕೆರೆದು ಸಣ್ಣ ವಯರಿನ ಜಂಪರ್ ಹಾಕುವುದೇ ದಾರಿ.

6. ಕೀಗಳು

ಒಂದೇ ಕೀ ಸತ್ತಿದ್ದರೆ ದೋಷ ಕೀಯಡಿಯ ಕಾರ್ಬನ್ ರಬ್ಬರ್ ಕಾಂಟ್ಯಾಕ್ಟಿನದು. ಸಮ ಅಂತರದಲ್ಲಿ ಹಲವು ಕೀ ಸತ್ತಿದ್ದರೆ ರಿಬ್ಬನ್ ಕೇಬಲ್ ಅಥವಾ ಟ್ರ್ಯಾಕ್, ರಬ್ಬರನ್ನು ಸುಮ್ಮನೆ ಬಿಚ್ಚಬೇಡಿ. ಮೆಲ್ಲಗೆ ಒತ್ತಿದರೂ ಅಬ್ಬರಿಸುವ ಕೀಯಲ್ಲಿ ಎರಡು ಕಾಂಟ್ಯಾಕ್ಟುಗಳ ಪೈಕಿ ಒಂದು ಕೊಳೆಯಾಗಿರುತ್ತದೆ. ಅವೆರಡು ಮುಟ್ಟುವ ಸಮಯದ ಅಂತರದಿಂದಲೇ ಒತ್ತಿದ ರಭಸವನ್ನು ಲೆಕ್ಕಹಾಕುವುದು.

99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಗೆ ಹಚ್ಚಿ ಒರೆಸಿ, ಒಣಗಿಸಿ. ಸ್ಯಾನಿಟೈಸರ್ ಬೇಡ, ಅದರ ಗ್ಲಿಸರಿನ್ ಅಂಟಿ ಉಳಿಯುತ್ತದೆ. ಮರಳುಕಾಗದ ಕಾರ್ಬನ್ನನ್ನೇ ಕಿತ್ತುಹಾಕುತ್ತದೆ. ಪೆನ್ಸಿಲ್ ತಿಕ್ಕುವುದು ಕಾರ್ಯಕ್ರಮದ ದಿನದ ಉಪಾಯ ಮಾತ್ರ. ರಬ್ಬರ್ ಪಟ್ಟಿ ಕೂರಿಸುವಾಗ ಅಂಟು ಹಾಕಬೇಡಿ, ಅಡಿಯ ಗಾಳಿದಾರಿ ಮುಚ್ಚಿದರೆ ಕೀ ಏಳುವುದಿಲ್ಲ.

ವಾಲ್ಯೂಮ್ ಕಂಟ್ರೋಲಿಗೆ ತೆಂಗಿನೆಣ್ಣೆ ಬಿಡುವವರಿದ್ದಾರೆ. ಎರಡು ದಿನ ಸದ್ದು ನಯವಾಗುತ್ತದೆ, ಆಮೇಲೆ ಧೂಳು ಹಿಡಿದು ಮೇಣವಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯೂ ಅಷ್ಟೆ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು ಮೂವತ್ತು ಸಲ ತಿರುಗಿಸಿ.

7. ಇಷ್ಟಕ್ಕೂ ಬಗ್ಗದಿದ್ದರೆ

7805 ಎಂಬ 5 ವೋಲ್ಟಿನ ರೆಗ್ಯುಲೇಟರಿದ್ದರೆ ಅದರ ಔಟ್‌ಪುಟ್ 4.75ರಿಂದ 5.25 ವೋಲ್ಟ್ ನಡುವೆ ಇರಬೇಕು. ಟ್ರಾನ್ಸ್‌ಫಾರ್ಮರ್ ಅಡಾಪ್ಟರಿನಲ್ಲಿ ಓಡುವಾಗ 100 ಹರ್ಟ್ಸಿನ ಗುಂಯ್ ಸದ್ದಿದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ; ಅದೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿ ಬಿಸಿ ತಾಳುವಂಥದನ್ನು ಪ್ಲಸ್ ಮೈನಸ್ ನೋಡಿ ಹಾಕಿ. ಸೇವ್ ಮಾಡಿದ ಸ್ವರಗಳು ಕಲಸುಮೇಲೋಗರವಾದರೆ ಒಳಗಿನ 3 ವೋಲ್ಟಿನ ಸೆಲ್ ನೋಡಿ. ಬದಲಿಸುವ ಮೊದಲು ಮಿಡಿ (ಕಂಪ್ಯೂಟರಿಗೆ ಜೋಡಿಸುವ MIDI ಸಂಪರ್ಕ) ಮೂಲಕ ಡೇಟಾ ಉಳಿಸಿಕೊಳ್ಳಿ. 1981ರ ಕೊರ್ಗ್ ಪಾಲಿಸಿಕ್ಸ್ ಸಿಂಥಸೈಜರಿನಲ್ಲಿ ಸೋರಿದ ಬ್ಯಾಟರಿ ಬೋರ್ಡನ್ನೇ ತಿನ್ನುತ್ತದೆ. ನಿಜಕ್ಕೂ ಐಸಿಯೇ ಹೋಗುವುದಕ್ಕೆ ಹೆಸರಾದದ್ದು 1984ರ ರೋಲ್ಯಾಂಡ್ ಜೂನೊ-106 ಸಿಂಥಸೈಜರ್, ಅದರ 80017ಎ ವಾಯ್ಸ್ ಚಿಪ್.

ಮುಚ್ಚುವ ಮೊದಲು ಒಂದು ಗಂಟೆ ನುಡಿಸಿ, ಮತ್ತೆ ಕಡ್ಡಿಯಿಂದ ತಟ್ಟಿ ನೋಡಿ. ಸ್ಕ್ರೂವನ್ನು ಮೊದಲು ಎಡಕ್ಕೆ ತಿರುಗಿಸಿ, ಟಕ್ ಎಂದು ಹಳೆಯ ಮರೆಗೆ (ತೂತಿನೊಳಗಿನ ಸುರುಳಿ ಗೆರೆಗೆ) ಕೂತ ಮೇಲೆ ಬಲಕ್ಕೆ. ಮುಂದಿನ ಮಳೆಗಾಲಕ್ಕೆ ಚೀಲದಲ್ಲಿ ಸಿಲಿಕಾ ಜೆಲ್ ಇಟ್ಟು, ಒಳಗಿನ ಡ್ರೈ ಸೆಲ್ಲುಗಳನ್ನು ತೆಗೆದು, ವಾರಕ್ಕೊಮ್ಮೆ ಅರ್ಧ ಗಂಟೆ ನುಡಿಸುತ್ತಿರಿ.